ತಲೆ ಎಣಿಸಿ ದುಡ್ಡು: ಮಕ್ಕಳು ಕಮ್ಮಿಯಾದ್ರೆ ಅನುದಾನಕ್ಕೆ ಏನಾಗುತ್ತೆ?

ಭಾಗ 1 | ಜೂನ್ ತಿಂಗಳ ಓಡಾಟ

ಜೂನ್ ಬಂತು ಅಂದ್ರೆ ನಮ್ಮ ಕಡೆ ಎರಡು ಓಡಾಟ ಶುರುವಾಗುತ್ತೆ. ಒಂದು ಕಡ್ಲೇಕಾಯಿ ಬಿತ್ತನೆಗೆ ಮೋಡ ನೋಡೋರದ್ದು. ಇನ್ನೊಂದು ಮಕ್ಕಳನ್ನ ಹುಡುಕಿಕೊಂಡು ಹೊರಡೋ ಮೇಷ್ಟ್ರುಗಳದ್ದು. ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಂಗಳು ಮನೆ ಮನೆ ಬಾಗಿಲಿಗೆ ಹೋಗ್ತಾರೆ. ಡಿಗ್ರಿ ಕಾಲೇಜಿನವರು ಪಿಯು ಕಾಲೇಜುಗಳಿಗೆ ಪಾಂಪ್ಲೆಟ್ ತಗೊಂಡು ಹೋಗ್ತಾರೆ. ಬಸ್ ಸ್ಟ್ಯಾಂಡ್ ಮುಂದೆ "ಪ್ರವೇಶಾತಿ ಆರಂಭವಾಗಿದೆ" ಅನ್ನೋ ಬ್ಯಾನರ್ ಬೀಳುತ್ತೆ.

ನಾವೆಲ್ಲ ಇದನ್ನ ನೋಡಿದ್ದೀವಿ. ಇಷ್ಟು ಓಡಾಟ ಯಾಕೆ ಅಂತ ಮಾತ್ರ ಕೇಳಿರಲ್ಲ. ಉತ್ತರ ಚಿಕ್ಕದು: ಮಕ್ಕಳ ತಲೆ ಎಣಿಸಿ ದುಡ್ಡು ಬರುತ್ತೆ. ತಲೆ ಕಮ್ಮಿಯಾದ್ರೆ ದುಡ್ಡು ಕಮ್ಮಿ, ಮೇಷ್ಟ್ರು ಕಮ್ಮಿ, ಕೊನೆಗೆ ಬೀಗ.

ತುಮಕೂರು ಜಿಲ್ಲೆಯಲ್ಲಿ 10 ತಾಲ್ಲೂಕು, ಆದ್ರೆ ಶೈಕ್ಷಣಿಕ ಜಿಲ್ಲೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ಕಮ್ಮಿ, ಊರುಗಳು ದೂರ ದೂರ, ಪಕ್ಕದಲ್ಲೇ ಆಂಧ್ರದ ಗಡಿ. ತಲೆ ಎಣಿಕೆಯ ನಿಯಮ ಇಂಥ ಜಾಗದಲ್ಲಿ ಹೇಗೆ ನಡೆಯುತ್ತೆ, ಅದು ಎಲ್ಲಿಂದ ಬಂತು ಅನ್ನೋದೇ ಈ ಸರಣಿ. ಒಟ್ಟು 9 ಭಾಗ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2 | ಲಂಡನ್ನಿನ ಒಂದು ಲೆಕ್ಕ

ಅನುದಾನ ಅನ್ನೋ ಪದ್ಧತಿ ನಮ್ಮ ದೇಶಕ್ಕೆ ಅಧಿಕೃತವಾಗಿ ಬಂದಿದ್ದು 1854ರಲ್ಲಿ. ಬಿ.ಎಡ್. ಓದುತ್ತಿರೋರಿಗೆ ವುಡ್ ಡಿಸ್ಪ್ಯಾಚ್ ಗೊತ್ತಿರುತ್ತೆ. ಖಾಸಗಿಯವರು ಶಾಲೆ ನಡೆಸಲಿ, ಸರ್ಕಾರ ತಪಾಸಣೆ ಮಾಡಿ ಖರ್ಚಿನಲ್ಲಿ ಒಂದು ಪಾಲು ಕೊಡಲಿ ಅನ್ನೋದು ಅದರ ಮಾತು.

ಪಾಲು ಕೊಡೋದು ಸರಿ, ಯಾವ ಅಳತೆಯಲ್ಲಿ ಕೊಡಬೇಕು? ಇದಕ್ಕೆ ಇಂಗ್ಲೆಂಡಿನಲ್ಲಿ 1862ರಲ್ಲಿ ಒಂದು ಉತ್ತರ ಹುಟ್ಟಿತು. ರಾಬರ್ಟ್ ಲೋ ಅನ್ನೋ ರಾಜಕಾರಣಿ ತಂದ ನಿಯಮ ಅದು. ಒಂದು ಮಗುವಿಗೆ ಹೆಚ್ಚೆಂದರೆ 12 ಶಿಲ್ಲಿಂಗ್. ಅದರಲ್ಲಿ 4 ಶಿಲ್ಲಿಂಗ್ ಹಾಜರಿಗೆ, ಉಳಿದ 8 ಪರೀಕ್ಷೆಗೆ. ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕ ಮೂರನ್ನೂ ಕೇಳ್ತಾನೆ. ಒಂದೊಂದರಲ್ಲಿ ಫೇಲಾದ್ರೂ ಶಾಲೆಗೆ 2 ಶಿಲ್ಲಿಂಗ್ 8 ಪೆನ್ಸ್ ಕಟ್. ಇದಕ್ಕೆ ಫಲಿತಾಂಶ ನೋಡಿ ಹಣ ಕೊಡೋ ಪದ್ಧತಿ ಅಂತ ಹೆಸರಾಯ್ತು.

ಕಾಗದದ ಮೇಲೆ ಚೆನ್ನಾಗಿದೆ. ತೆರಿಗೆ ಕಟ್ಟಿದವರ ದುಡ್ಡು, ಕೆಲಸ ಆದ್ರೇನೇ ಕೊಡೋದು. ಆದ್ರೆ ಶಾಲೆಯೊಳಗೆ ಆಗಿದ್ದೇ ಬೇರೆ. ಇನ್‌ಸ್ಪೆಕ್ಟರ್ ಬರೋ ದಿನ ಕಾಯಿಲೆ ಮಕ್ಕಳನ್ನೂ ಎಬ್ಬಿಸಿಕೊಂಡು ಬಂದರು. ಪಾಠ ಬಿಟ್ಟು ಉರು ಹೊಡೆಸಿದರು. ಪರೀಕ್ಷೆಗಿಲ್ಲದ ವಿಷಯ ಮೂಲೆ ಸೇರಿತು. ಹಾಜರಿ ಪುಸ್ತಕ ತಿದ್ದೋದೂ ನಡೀತು. ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಈ ಪದ್ಧತಿಯನ್ನ ಕಟುವಾಗಿ ಟೀಕಿಸಿದ್ದ. 1890ರ ದಶಕದಲ್ಲಿ ಇಂಗ್ಲೆಂಡ್ ಇದನ್ನ ಕೈಬಿಟ್ಟಿತು.

ಇದನ್ನ ನೆನಪಲ್ಲಿ ಇಟ್ಕೊಳ್ಳಿ. ದುಡ್ಡಿನ ಲೆಕ್ಕ ಮೊದಲು ಬದಲಾಯಿಸೋದು ಜನರ ನಡವಳಿಕೆಯನ್ನ. ಕಲಿಕೆ ಬದಲಾಗುತ್ತೋ ಇಲ್ವೋ ಅನ್ನೋದು ಆಮೇಲಿನ ಮಾತು.

ಭಾಗ 3 | ಪಾವಗಡದ ಬೇಲಿ: ಆಕಡೆ ತಲೆ, ಈಕಡೆ ಜಾಗ

ಮ್ಯಾಪ್ ತೆಗೆದು ಪಾವಗಡ ನೋಡಿ. ಮೈಸೂರು ಸಂಸ್ಥಾನದ ಒಂದು ತುಂಡು ಮದ್ರಾಸ್ ಪ್ರಾಂತ್ಯದೊಳಕ್ಕೆ ತೂರಿಕೊಂಡ ಹಾಗಿತ್ತು. ಸುತ್ತ ಇದ್ದ ಊರುಗಳು ಮೊದಲು ಬಳ್ಳಾರಿ ಜಿಲ್ಲೆಗೆ, 1882ರಲ್ಲಿ ಅನಂತಪುರ ಜಿಲ್ಲೆ ಆದ ಮೇಲೆ ಅದಕ್ಕೆ ಸೇರಿದವು. ಮಡಕಶಿರಾ, ಪೆನುಕೊಂಡ, ಕಲ್ಯಾಣದುರ್ಗ ಎಲ್ಲ ಆಕಡೆ. ಜನ ಒಂದೇ, ಸಂತೆ ಒಂದೇ, ಕನ್ನಡ ತೆಲುಗು ಎರಡೂ ಮನೆಯೊಳಗೇ. ಸರ್ಕಾರ ಮಾತ್ರ ಬೇರೆ.

ಮದ್ರಾಸ್ ಪ್ರಾಂತ್ಯ ಲಂಡನ್ನಿನ ಆ ಲೆಕ್ಕವನ್ನ ತನ್ನ ಅನುದಾನದ ಶಾಲೆಗಳಿಗೆ ತಂದಿತು. ಊರಿನ ಐಗಳ ಮಠದಂಥ ಶಾಲೆಗೂ ಇನ್‌ಸ್ಪೆಕ್ಟರ್ ಬಂದು, ಪಾಸಾದ ಮಕ್ಕಳನ್ನ ಎಣಿಸಿ ಹಣ ಬರೆಯೋ ವ್ಯವಸ್ಥೆ. 1882ರ ಹಂಟರ್ ಆಯೋಗದ ಮುಂದೆ ಇದರ ಒಳಿತು ಕೆಡುಕು ಎರಡೂ ಚರ್ಚೆಯಾದವು.

ಬೇಲಿಯ ಈಕಡೆ, ಮೈಸೂರಿನಲ್ಲಿ, 1868ರಲ್ಲಿ ಬೇರೆ ಯೋಚನೆ ಬಂತು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಶಿಕ್ಷಣ ಇಲಾಖೆಯಲ್ಲಿ ಬಿ.ಎಲ್. ರೈಸ್ ಇದ್ದರು. ಹೌದು, ಶಾಸನಗಳ ರೈಸ್ ಅವರೇ, ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ರೈಸ್. ಅವರ ಯೋಜನೆಯ ಹೆಸರು ಹೋಬಳಿ ಶಾಲೆ. ಹೋಬಳಿಗೊಂದು ಶಾಲೆ ಇರಲಿ ಅನ್ನೋದೇ ಅದರ ಅಳತೆ.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮದ್ರಾಸಿನ ಅನುದಾನ ಕೇಳೋದು "ಎಷ್ಟು ತಲೆ?" ಮೈಸೂರಿನ ಹೋಬಳಿ ಯೋಜನೆ ಕೇಳೋದು "ಯಾವ ಜಾಗ?" ಒಂದರಲ್ಲಿ ಮಕ್ಕಳಿದ್ದ ಕಡೆ ಹಣ ಹೋಗುತ್ತೆ. ಇನ್ನೊಂದರಲ್ಲಿ ಮಕ್ಕಳು ಬರೋದಕ್ಕೆ ಮುಂಚೆಯೇ ಅಲ್ಲೊಂದು ಶಾಲೆ ಇರುತ್ತೆ. ಇವತ್ತಿನ ನಮ್ಮ ಎಲ್ಲ ಜಗಳವೂ ಈ ಎರಡು ಪ್ರಶ್ನೆಗಳ ನಡುವಿನದ್ದು.

ಭಾಗ 4 | ಧಾತು ಸಂವತ್ಸರದ ಬರ

1876ರಿಂದ 78ರ ತನಕ ದಕ್ಷಿಣ ಭಾರತದಲ್ಲಿ ಭೀಕರ ಬರ ಬಿತ್ತು. ಶುರುವಾಗಿದ್ದು ಧಾತು ಸಂವತ್ಸರದಲ್ಲಿ. ಮೈಸೂರು ಸಂಸ್ಥಾನದ ಪೂರ್ವದ ಬಯಲು ಸೀಮೆಗೆ, ಅಂದ್ರೆ ನಮ್ಮ ಕಡೆಗೆ, ಹೊಡೆತ ಹೆಚ್ಚು.

ಎರಡು ಜನಗಣತಿಯ ಅಂಕಿ ನೋಡಿ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಜನ ಹೆಚ್ಚಾಗೋದು ಹಾಗಿರಲಿ, ಸುಮಾರು 8 ಲಕ್ಷ 70 ಸಾವಿರ ಕಮ್ಮಿಯಾದರು. ಪ್ರತಿ 6 ಜನರಲ್ಲಿ ಒಬ್ಬರು ಲೆಕ್ಕದಿಂದಲೇ ಹೋದ ಹಾಗೆ.

ಈಗ ಒಂದು ಪ್ರಶ್ನೆ. ಇಂಥ ಬರ ಬಿದ್ದ ಸೀಮೆಯಲ್ಲಿ ಒಂದು ಶಾಲೆ ಇದೆ ಅಂತಿಟ್ಕೊಳ್ಳಿ. ಗುರಿ 40 ಮಕ್ಕಳು, ಬಂದವರು 20. ಗುರಿ ತಪ್ಪಿದ್ದು ನಿಜ. ತಪ್ಪಿಸಿದ್ದು ಯಾರು? ಮೇಷ್ಟ್ರ? ಅಪ್ಪ ಅಮ್ಮನ? ಆ ಮಗುವಿನ?

ತಲೆ ಎಣಿಸೋ ಪುಸ್ತಕದಲ್ಲಿ ಕಾರಣ ಬರೆಯೋಕೆ ಕಾಲಂ ಇರಲ್ಲ. ಸೋಮಾರಿ ಶಾಲೆಯ 20, ಬರ ಬಿದ್ದ ಊರಿನ 20, ಎರಡೂ ಒಂದೇ 20. ಆ 20 ಮಕ್ಕಳಿಗೆ ಶಾಲೆ ಅತಿ ಹೆಚ್ಚು ಬೇಕಾಗಿರೋ ವರ್ಷವೇ ಶಾಲೆಯ ದುಡ್ಡು ಅತಿ ಹೆಚ್ಚು ಕಡಿತವಾಗುತ್ತೆ.

ಭಾಗ 5 | ಯೂನಿವರ್ಸಿಟಿಗೆ ಬನ್ನಿ

ಶಾಲೆ ಆಯ್ತು, ಈಗ ನಮ್ಮ ಡಿಗ್ರಿ ಕಾಲೇಜಿನ ಕಥೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯ್ತು. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಬಂತು. ನಮ್ಮ ನಾಲ್ಕೂ ತಾಲ್ಲೂಕಿನ ಡಿಗ್ರಿ ಕಾಲೇಜುಗಳು ಈಗ ಇದರ ಕೆಳಗೆ.

ರಾಜ್ಯದ ವಿಶ್ವವಿದ್ಯಾಲಯಕ್ಕೆ ದುಡ್ಡು ಮುಖ್ಯವಾಗಿ ಮೂರು ಕಡೆಯಿಂದ ಬರುತ್ತೆ. ಒಂದು, ರಾಜ್ಯ ಸರ್ಕಾರದ ಅನುದಾನ. ಇದರಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತೆ. ಎರಡು, ಯುಜಿಸಿ ಮತ್ತು ಕೇಂದ್ರದ ಯೋಜನೆಗಳು. ಮೂರು, ಸ್ವಂತ ಸಂಪಾದನೆ: ಕಾಲೇಜುಗಳ ಸಂಯೋಜನಾ ಶುಲ್ಕ, ನಾವು ನೀವು ಕಟ್ಟೋ ಪರೀಕ್ಷಾ ಶುಲ್ಕ. ಈ ಮೂರನೇದು ಪೂರ್ತಿ ತಲೆ ಲೆಕ್ಕ. ಪಾವಗಡದಲ್ಲಿ ಒಬ್ಬ ಹುಡುಗ ಬಿ.ಎ. ಸೇರದೆ ಬೆಂಗಳೂರಿಗೆ ಕೆಲಸಕ್ಕೆ ಹೋದ್ರೆ, ತುಮಕೂರಿನಲ್ಲಿ ಆರು ಸೆಮಿಸ್ಟರಿನ ಪರೀಕ್ಷಾ ಶುಲ್ಕ ಹೋಯ್ತು.

ಕಾಲೇಜಿನೊಳಗೆ ಲೆಕ್ಕ ಬೇರೆ ಥರ. ಅಲ್ಲಿನ ಮಾತು ಕಾರ್ಯಭಾರ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಮಕ್ಕಳು ಎರಡು ಸೆಕ್ಷನ್ ಆಗುವಷ್ಟಿದ್ರೆ ಗಂಟೆ ಜಾಸ್ತಿ, ಒಂದೇ ಸೆಕ್ಷನ್ ಆದ್ರೆ ಅರ್ಧ. ಗಂಟೆ ಇಳಿದಾಗ ಮೊದಲು ಮನೆಗೆ ಹೋಗೋದು ಅತಿಥಿ ಉಪನ್ಯಾಸಕರು. ಆಮೇಲೆ ಆ ವಿಷಯವೇ ಹೋಗುತ್ತೆ. ಐಚ್ಛಿಕ ಕನ್ನಡ, ಇತಿಹಾಸ, ಭೂಗೋಳ ಇಂಥ ವಿಷಯಕ್ಕೆ ಸೇರೋರು ಕಮ್ಮಿಯಾದ್ರೆ ಕಾಂಬಿನೇಶನ್ನೇ ನಿಲ್ಲಿಸಬೇಕಾಗುತ್ತೆ. ಒಮ್ಮೆ ನಿಂತ ಕಾಂಬಿನೇಶನ್ ಮುಂದಿನ ವರ್ಷ ಬೇಕು ಅಂದ್ರೂ ಸಿಗೋದು ಕಷ್ಟ.

ಭಾಗ 6 | ಇಂಗ್ಲೆಂಡಿನ 5%, ನಮ್ಮ 9 ವಿವಿ

ಇಂಗ್ಲೆಂಡಿನಲ್ಲಿ ಇದೇ ವಿಷಯಕ್ಕೆ ಬರೆದಿಟ್ಟ ಒಪ್ಪಂದವೇ ಇತ್ತು. 1992ರಿಂದ 2018ರ ತನಕ ಅಲ್ಲಿ ಹೆಫ್ಕಿ ಅನ್ನೋ ಉನ್ನತ ಶಿಕ್ಷಣ ಅನುದಾನ ಮಂಡಳಿ ಇತ್ತು. ಇಷ್ಟು ದುಡ್ಡು, ಇಷ್ಟು ವಿದ್ಯಾರ್ಥಿಗಳು ಅಂತ ವಿಶ್ವವಿದ್ಯಾಲಯದ ಜೊತೆ ಮೊದಲೇ ಮಾತಾಗ್ತಿತ್ತು. ಲೆಕ್ಕ ಹಾಕಿದ್ದಕ್ಕಿಂತ 5% ಮೇಲೆ ಕೆಳಗೆ ಆದ್ರೆ ಯಾರೂ ಕೇಳ್ತಿರಲಿಲ್ಲ. ಆ ಪಟ್ಟಿ ದಾಟಿದ್ರೆ ಸರಿಪಡಿಸಿಕೊಳ್ಳಬೇಕು, ಇಲ್ಲ ಅಂದ್ರೆ ದುಡ್ಡು ಹಿಡಿದಿಟ್ಕೊಳ್ತಿದ್ದರು. 2012ರಲ್ಲಿ ವರ್ಷದ ಶುಲ್ಕ 9,000 ಪೌಂಡ್ ತನಕ ಏರಿದ ಮೇಲೆ ಪಾಠಕ್ಕೆ ಕೊಡೋ ಅನುದಾನದ ಬಹುಪಾಲು ನಿಂತೇ ಹೋಯ್ತು. ಆಮೇಲೆ ವಿದ್ಯಾರ್ಥಿಯ ಹಿಂದೆ ಓಡೋದೇ ವಿಶ್ವವಿದ್ಯಾಲಯಗಳ ಕೆಲಸವಾಯ್ತು.

ಅಲ್ಲಿನ 5% ಗಮನಿಸಿ. ಒಂದು ವರ್ಷ ಸ್ವಲ್ಪ ಏರುಪೇರಾಗೋದು ಸಹಜ, ಅದಕ್ಕೆ ಶಿಕ್ಷೆ ಬೇಡ ಅನ್ನೋ ತಿಳುವಳಿಕೆ ಆ ನಿಯಮದೊಳಗೆ ಇತ್ತು.

ನಮ್ಮಲ್ಲಿ ಏನಾಗ್ತಿದೆ? ಹಿಂದಿನ ಸರ್ಕಾರದ ಅವಧಿಯಲ್ಲಿ ಜಿಲ್ಲೆಗೊಂದು ಅನ್ನೋ ಥರ ಹೊಸ ವಿಶ್ವವಿದ್ಯಾಲಯಗಳು ಶುರುವಾದವು. ಹಾಸನ, ಹಾವೇರಿ, ಕೊಪ್ಪಳ, ಕೊಡಗು, ಚಾಮರಾಜನಗರ, ಬಾಗಲಕೋಟೆ ಹೀಗೆ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯೊಂದು ಇಂಥ 9 ವಿವಿಗಳನ್ನು ಮುಚ್ಚೋ ಮಾತಾಡಿತು. ಮುಖ್ಯ ಕಾರಣ ದುಡ್ಡು. ಸಂಯೋಜಿತ ಕಾಲೇಜು ಕಮ್ಮಿ ಅಂದ್ರೆ ಶುಲ್ಕ ಕಮ್ಮಿ, ಸರ್ಕಾರದ ಅನುದಾನವೂ ಕಮ್ಮಿ, ಹಾಗಾದ್ರೆ ನಡೆಯೋದು ಹೇಗೆ? ಹೋಬಳಿ ಶಾಲೆ ಥರ "ಜಾಗ" ನೋಡಿ ಶುರುಮಾಡಿದ್ದನ್ನ "ತಲೆ" ನೋಡಿ ಮುಚ್ಚೋ ಯೋಚನೆ ಅದು.

ಭಾಗ 7 | ಒಂದು ಮಗು ಕಮ್ಮಿಯಾದ್ರೆ

ಇದು ಸರಣಿಯ ಮುಖ್ಯ ಭಾಗ, ಸ್ಕ್ರೀನ್‌ಶಾಟ್ ತಗೊಳ್ಳಿ. ಸರ್ಕಾರಿ ಶಾಲೆಯ ಮೂರು ಲೆಕ್ಕ ಇಲ್ಲಿವೆ.

ಲೆಕ್ಕ 1, ಶಾಲಾ ಅನುದಾನ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸುಣ್ಣ ಬಣ್ಣ, ಕರೆಂಟ್ ಬಿಲ್, ಶೌಚಾಲಯದ ಸ್ವಚ್ಛತೆ, ಸಣ್ಣಪುಟ್ಟ ರಿಪೇರಿಗೆ ವರ್ಷಕ್ಕೆ ಕೊಡೋ ಹಣ:
• 30 ಮಕ್ಕಳ ತನಕ: ₹10,000
• 31ರಿಂದ 100: ₹25,000
• 101ರಿಂದ 250: ₹50,000
• 251ರಿಂದ 1,000: ₹75,000
• 1,000ಕ್ಕಿಂತ ಹೆಚ್ಚು: ₹1,00,000

ಲೆಕ್ಕ 2, ಮೇಷ್ಟ್ರು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 1ರಿಂದ 5ನೇ ಕ್ಲಾಸಿಗೆ:
• 60 ಮಕ್ಕಳ ತನಕ: 2
• 61ರಿಂದ 90: 3
• 91ರಿಂದ 120: 4
• 121ರಿಂದ 200: 5

ಲೆಕ್ಕ 3, ಬಿಸಿಯೂಟದ ಅಡುಗೆಯವರು. ಕೇಂದ್ರದ ನಿಯಮದಂತೆ:
• 25 ಮಕ್ಕಳ ತನಕ: 1
• 26ರಿಂದ 100: 2
• ಆಮೇಲೆ ಪ್ರತಿ 100ಕ್ಕೆ ಇನ್ನೊಬ್ಬರು

ಈಗ ಮೆಟ್ಟಿಲು ಇಳಿಯೋಣ. 61 ಮಕ್ಕಳಿದ್ದ ಶಾಲೆಯಿಂದ ಒಂದು ಮಗು ಹೋಯ್ತು: ಮೂರನೇ ಮೇಷ್ಟ್ರು "ಹೆಚ್ಚುವರಿ" ಆಗ್ತಾರೆ, ವರ್ಗಾವಣೆ ಪಟ್ಟಿಗೆ ಹೆಸರು ಬರುತ್ತೆ. ಐದು ಕ್ಲಾಸನ್ನ ಇಬ್ಬರು ನೋಡ್ಕೋಬೇಕು. 31ರಿಂದ ಒಂದು ಮಗು ಹೋಯ್ತು: ₹25,000 ಇದ್ದಿದ್ದು ₹10,000. ಕರೆಂಟ್ ಬಿಲ್ಲೇನು 31ರಲ್ಲಿ ಒಂದು ಪಾಲು ಕಮ್ಮಿ ಬರುತ್ತಾ? ಮಾಳಿಗೆ ಸೋರೋದು ನಿಲ್ಲುತ್ತಾ? 26ರಿಂದ ಒಂದು ಮಗು ಹೋಯ್ತು: ಅಡುಗೆ ಮನೆಯಲ್ಲಿ ಎರಡನೇ ಅಕ್ಕನ ಕೆಲಸ ಹೋಯ್ತು. ಅದೇ ಒಲೆ, ಅದೇ ಪಾತ್ರೆ, ತೊಳೆಯೋ ಕೈ ಎರಡೇ.

ಶಾಲೆಯ ಖರ್ಚು ಮಕ್ಕಳ ಲೆಕ್ಕದಲ್ಲಿ ಇಳಿಯಲ್ಲ. 12 ಮಕ್ಕಳಿರೋ ಕ್ಲಾಸಿಗೂ 40 ಮಕ್ಕಳಿರೋ ಕ್ಲಾಸಿಗೂ ಮೇಷ್ಟ್ರು ಒಬ್ಬರೇ ಬೇಕು. ದುಡ್ಡು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತೆ. ಆಮೇಲೆ ಅಪ್ಪ ಅಮ್ಮ ಬಂದು ನೋಡ್ತಾರೆ: ಮೇಷ್ಟ್ರು ಕಮ್ಮಿ, ಬಣ್ಣ ಹೋಗಿದೆ. ಇನ್ನೂ ಇಬ್ಬರನ್ನ ಬಿಡಿಸಿ ವ್ಯಾನ್ ಹತ್ತಿಸ್ತಾರೆ. ಮುಂದಿನ ಮೆಟ್ಟಿಲು.

ಭಾಗ 8 | ಮಕ್ಕಳು ಎಲ್ಲಿ ಹೋದ್ರು?

ಬೈಯೋಕೆ ಮುಂಚೆ ಕಾರಣ ನೋಡೋಣ.

ಮೊದಲನೇದು, ಮಕ್ಕಳೇ ಕಮ್ಮಿ ಹುಟ್ತಿದ್ದಾರೆ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಹಾಗೇ ಉಳೀಬೇಕು ಅಂದ್ರೆ 2.1 ಬೇಕು. ಅಂದ್ರೆ ಯಾರೂ ಊರು ಬಿಡದಿದ್ರೂ, ಯಾರೂ ಪ್ರೈವೇಟ್ ಸ್ಕೂಲಿಗೆ ಹೋಗದಿದ್ರೂ, ನಮ್ಮಪ್ಪನ ಕಾಲದ ಸಂಖ್ಯೆ ಈಗ ಬರಲ್ಲ.

ಎರಡನೇದು, ಗುಳೆ. ಬೋರ್‌ವೆಲ್ ಬತ್ತಿದ ಮೇಲೆ ಪಾವಗಡ, ಶಿರಾ ಕಡೆಯ ಎಷ್ಟೋ ಮನೆ ಬೆಂಗಳೂರು ಸೇರಿದವು. ಮಗು ಅಲ್ಲಿನ ಶಾಲೆಗೆ ಸೇರಿದ್ರೆ ಸಂತೋಷ. ಬಿಲ್ಡಿಂಗ್ ಕೆಲಸದ ಜಾಗದಲ್ಲೇ ಉಳಿದ್ರೆ ಎರಡೂ ಕಡೆ ಲೆಕ್ಕದಲ್ಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ರೈತನಿಗೆ ಬೆಳೆ ಪರಿಹಾರದ ಲೆಕ್ಕ ಇದೆ. ಬರದ ವರ್ಷ ಮಕ್ಕಳು ಕಮ್ಮಿಯಾದ ಶಾಲೆಗೆ ಅಂಥ ಲೆಕ್ಕ ಯಾಕೆ ಇರಬಾರದು?

ಮೂರನೇದು, ಇಂಗ್ಲಿಷ್ ಮೀಡಿಯಂ ಆಸೆ. ಇದರಲ್ಲಿ ಸರ್ಕಾರದ ನಿಯಮದ ಪಾಲೂ ಇತ್ತು. 2012ರಿಂದ ಶಿಕ್ಷಣ ಹಕ್ಕು ಕಾಯ್ದೆಯಡಿ ಪ್ರೈವೇಟ್ ಶಾಲೆಯ 25% ಸೀಟಿಗೆ ಸರ್ಕಾರವೇ ಶುಲ್ಕ ಕಟ್ತಿತ್ತು. ಬಡ ಮಕ್ಕಳಿಗೆ ಅವಕಾಶ ಸಿಕ್ಕಿದ್ದು ನಿಜ. ಅದೇ ಹೊತ್ತಿಗೆ ಪಕ್ಕದ ಸರ್ಕಾರಿ ಶಾಲೆಯ ತಲೆಯೂ ಕಮ್ಮಿಯಾಯ್ತು. 2018ರ ಕೊನೆಯಲ್ಲಿ ರಾಜ್ಯ ನಿಯಮ ತಿದ್ದಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಆ ಸೀಟು ಪ್ರೈವೇಟಲ್ಲಿ ಸಿಗಲ್ಲ. 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ಶುರು ಮಾಡಿದರು. ಅದಕ್ಕೆ ಮುಂಚೆ, 2018ರ ಜುಲೈ ಬಜೆಟ್ಟಿನಲ್ಲಿ, 28,847 ಶಾಲೆಗಳನ್ನ ಹತ್ತಿರದ 8,530 ಶಾಲೆಗಳ ಜೊತೆ ಸೇರಿಸೋ ಪ್ರಸ್ತಾಪ ಬಂದಾಗ ಸಾಹಿತಿಗಳು, ಸಂಘಟನೆಗಳು ಜೋರಾಗಿ ವಿರೋಧಿಸಿದ್ದರು.

ನೋಡಿ, ಈ ಮೂರರಲ್ಲಿ ಒಂದೂ ಆ ಶಾಲೆಯ ಮೇಷ್ಟ್ರ ಕೈಲಿಲ್ಲ. ಅನುದಾನ ಕಡಿತವಾಗೋದು ಮಾತ್ರ ಅವರ ಶಾಲೆಗೆ.

ಭಾಗ 9 | ಹಾಗಾದ್ರೆ ಎಣಿಸೋದೇ ಬೇಡ್ವಾ?

ಬೇಕು. 4 ಮಕ್ಕಳಿಗೆ ದೊಡ್ಡ ಕಟ್ಟಡ, ಪಕ್ಕದ ಊರಲ್ಲಿ 90 ಮಕ್ಕಳಿಗೆ ಮೇಷ್ಟ್ರು ಸಾಲದು ಅನ್ನೋ ಪರಿಸ್ಥಿತಿಯೂ ನ್ಯಾಯ ಅಲ್ಲ. ಜೊತೆಗೆ ಆಡೋಕೆ, ಜಗಳ ಆಡೋಕೆ ಗೆಳೆಯರಿಲ್ಲದ ಶಾಲೆ ಆ 4 ಮಕ್ಕಳಿಗೂ ಒಳ್ಳೇದಲ್ಲ. ಎಣಿಕೆಯೇ ಇಲ್ಲ ಅಂದ್ರೆ ದುಡ್ಡು ವಶೀಲಿ ಇದ್ದ ಕಡೆ ಹರಿಯುತ್ತೆ, ಅದೂ ನಮಗೆ ಗೊತ್ತು.

150 ವರ್ಷಕ್ಕೂ ಹೆಚ್ಚಿನ ಈ ಕಥೆ ಹೇಳೋದು ಒಂದೇ ಮಾತು: ತಲೆ ಎಣಿಸಿ, ಆದ್ರೆ ಕೆಳಗೊಂದು ನೆಲ ಇರಲಿ. ಅದಕ್ಕಿಂತ ಕೆಳಕ್ಕೆ ಯಾವ ಶಾಲೆಯೂ, ಯಾವ ಕಾಲೇಜೂ ಬೀಳಬಾರದು. ಇದು ಹೊಸ ಕನಸೇನಲ್ಲ. 1868ರ ಹೋಬಳಿ ಶಾಲೆ ಅಂಥ ನೆಲ. ಇಂಗ್ಲೆಂಡಿನ 5% ಒಂದು ನೆಲ. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಇದೆ: 60ರ ತನಕ 2 ಮೇಷ್ಟ್ರು ಅಂದ್ರೆ 10 ಮಕ್ಕಳಿದ್ರೂ ಇಬ್ಬರು ಇರಲೇಬೇಕು. ಮೇಷ್ಟ್ರ ವಿಷಯದಲ್ಲಿ ಒಪ್ಪಿಕೊಂಡ ಈ ನೆಲವನ್ನ ಶಾಲಾ ಅನುದಾನಕ್ಕೂ, ಡಿಗ್ರಿ ಕಾಲೇಜಿನ ಕಾಂಬಿನೇಶನ್ನಿಗೂ ಕೇಳೋದು ಜಾಸ್ತಿ ಆಯ್ತಾ? ಒಂದೇ ವರ್ಷದ ಸಂಖ್ಯೆ ಬಿಟ್ಟು 3 ವರ್ಷದ ಸರಾಸರಿ ತಗೊಳ್ಳಿ. ಬರ ಘೋಷಣೆಯಾದ ವರ್ಷವನ್ನ ಲೆಕ್ಕದಿಂದ ಬಿಡಿ. ₹25,000ದಿಂದ ₹10,000ಕ್ಕೆ ಒಂದೇ ಸಲ ಬೀಳಿಸೋ ಬದಲು ಇಳಿಜಾರು ಮಾಡಿ. ಇಷ್ಟು ಕೇಳಬಹುದು.

ಕೇಳೋದು ಎಲ್ಲಿ? 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ. ನಿಮ್ಮಪ್ಪನೋ ಅತ್ತೆಯೋ ಅದರಲ್ಲಿ ಮೆಂಬರ್ ಇರಬಹುದು. ಈ ವರ್ಷ ನಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು, ಯಾವ ಮೆಟ್ಟಿಲಲ್ಲಿ ನಿಂತಿದ್ದೀವಿ, ಕೆಳಗಿನ ಮೆಟ್ಟಿಲಿಗೆ ಇನ್ನೆಷ್ಟು ಮಕ್ಕಳ ಅಂತರ ಅಂತ ಒಂದು ಸಭೆಯಲ್ಲಿ ಕೇಳಿಸಿ. 32 ಅಂತ ಉತ್ತರ ಬಂದ್ರೆ, ಆ ಊರಲ್ಲಿ ಎರಡು ಮನೆಯ ತೀರ್ಮಾನದ ಮೇಲೆ ₹15,000 ನಿಂತಿದೆ ಅಂತ ಅರ್ಥ.

ಡಿಗ್ರಿಯಲ್ಲಿ ಇರೋ ನನ್ನ ಕ್ಲಾಸ್‌ಮೇಟ್ಸ್, ಜೂನಿಯರ್ಸ್, ನೀವು ತಗೊಂಡಿರೋ ಕಾಂಬಿನೇಶನ್ನಲ್ಲಿ ಎಷ್ಟು ಜನ ಇದ್ದೀರ? ನಿಮ್ಮೂರ ಶಾಲೆ ಯಾವ ಮೆಟ್ಟಿಲಲ್ಲಿದೆ? ಊರಿನ ಹೆಸರು, ಸಂಖ್ಯೆ ಎರಡೇ ಸಾಕು, ಕಾಮೆಂಟಲ್ಲಿ ಹಾಕಿ. ನಾಲ್ಕು ತಾಲ್ಲೂಕಿನದ್ದೂ ಸೇರಿಸಿ ಮುಂದಿನ ಸರಣಿಯಲ್ಲಿ ಒಂದು ಮ್ಯಾಪ್ ಮಾಡೋಣ.

#ಮಧುಗಿರಿ #ಶಿರಾ #ಕೊರಟಗೆರೆ #ಪಾವಗಡ #ನಮ್ಮೂರಶಾಲೆ #ಸರ್ಕಾರಿಕಾಲೇಜು #ಕನ್ನಡಇತಿಹಾಸ